ಲಸಿಕೆ ಹಾಕಿದ ಇಲಿಯಲ್ಲಿ ಇಮ್ಯೂನ್ ಜೀನ್ ಅಳೆಯೋದು ಹೇಗೆ: ಸೂಜಿ ಚುಚ್ಚಿದ ಗಂಟೆಯಿಂದ ಕೊನೆ ಲೆಕ್ಕದವರೆಗೆ

ಎಂಎಸ್ಸಿ ಡಿಸರ್ಟೇಶನ್ ಮುಗಿಯೋ ಹೊತ್ತಿಗೆ ಯಾರಾದ್ರೂ ಒಬ್ರು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು, ಲಸಿಕೆ ಗುಂಪಿಗೂ ಬರೀ ಉಪ್ಪುನೀರು ಕೊಟ್ಟ ಗುಂಪಿಗೂ ಇಂಟರ್‌ಫೆರಾನ್ ಗಾಮಾ (ಟಿ ಸೆಲ್‌ಗಳು ಬಿಡೋ ಒಂದು ಇಮ್ಯೂನ್ ಸಂಕೇತ) ಒಂದೇ ಥರ ಬಂದಿದೆ, ಪ್ರೈಮರ್ (ಅಳೀಬೇಕಾದ ಜೀನನ್ನ ಹಿಡಿಯೋ ಚಿಕ್ಕ ಡಿಎನ್‌ಎ ತುಂಡು) ಸರಿ ಇಲ್ಲ ಅನ್ಸತ್ತೆ, ಹೊಸದು ಆರ್ಡರ್ ಮಾಡ್ಲಾ ಅಂತ ಕೇಳ್ತಾರೆ. ನಾನು ಮೊದಲು ಕೇಳೋದು ಪ್ರೈಮರ್ ಬಗ್ಗೆ ಅಲ್ಲ. ಇಲಿಯ ಸ್ಪ್ಲೀನ್ (ಗುಲ್ಮ) ಯಾವತ್ತು ತೆಗೆದ್ರಿ, ಲಸಿಕೆ ಕೊಟ್ಟು ಎಷ್ಟು ಗಂಟೆ ಆಗಿತ್ತು, ತೆಗೆದ ಮೇಲೆ ಅದರ ಸೆಲ್‌ಗಳನ್ನ ಆ್ಯಂಟಿಜನ್, ಅಂದ್ರೆ ಲಸಿಕೆಯಲ್ಲಿರೋ ಪ್ರೋಟೀನ್, ಕೊಟ್ಟು ಕೆಣಕಿದ್ರಾ ಇಲ್ವಾ ಅಂತ ಕೇಳ್ತೀನಿ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗತ್ತೆ. ಮೆಷಿನ್ ಕೊನೇ ದಿನ ನಂಬರ್ ಕೊಡತ್ತೆ ನಿಜ, ಆದ್ರೆ ಆ ನಂಬರ್ ಏನಾಗ್ಬೇಕು ಅನ್ನೋದು ಯಾವ ಅಂಗ, ಯಾವ ಗಂಟೆ ಅಂತ ನಿರ್ಧಾರ ಮಾಡಿದ ದಿನವೇ ಮುಕ್ಕಾಲು ಪಾಲು ಮುಗಿದು ಹೋಗಿರತ್ತೆ. ಅದಕ್ಕೇ ಈ ಬರಹದಲ್ಲಿ ಪಿಸಿಆರ್‌ಗಿಂತ, ಅಂದ್ರೆ ಜೀನ್ ಪ್ರತಿಗಳನ್ನ ಗುಣಿಸಿ ಅಳೆಯೋ ಹಂತಕ್ಕಿಂತ, ಮುಂಚಿನ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ. ಕನ್ನಡ ಮೀಡಿಯಂನಲ್ಲಿ ಓದಿ ನೇರ ಲ್ಯಾಬಿಗೆ ಬಂದವರಿಗೆ ಇದನ್ನ ಕೂರಿಸ್ಕೊಂಡು ಹೇಳೋರು ಕಮ್ಮಿ, ಅದೂ ಒಂದು ಕಾರಣ.

ಸುಮ್ನೆ ಗಾಳಿಯಲ್ಲಿ ಮಾತಾಡೋದು ಬೇಡ, ಒಂದು ನಿಜವಾದ ಪ್ರಯೋಗ ಇಟ್ಕೊಳ್ಳೋಣ. ಹೆಪಟೈಟಿಸ್ ಬಿ ಲಸಿಕೆ. ಇದರಲ್ಲಿರೋದು ವೈರಸ್ಸಿನ ಮೇಲ್ಮೈ ಪ್ರೋಟೀನ್ ಒಂದೇ, ಯೀಸ್ಟ್‌ನಲ್ಲಿ ತಯಾರು ಮಾಡಿದ್ದು, ಪರಿಣಾಮ ಹೆಚ್ಚಲಿ ಅಂತ ಅದನ್ನ ಆಲಮ್ ಅನ್ನೋ ಅಲ್ಯೂಮಿನಿಯಂ ಉಪ್ಪಿಗೆ ಅಂಟಿಸಿರ್ತಾರೆ. ನಮ್ಮ ದೇಶದಲ್ಲೇ ತಯಾರಾದ ಮೊದಲ ಇಂಥ ಲಸಿಕೆ 1997ರಲ್ಲಿ ಹೈದರಾಬಾದಿನಿಂದ ಬಂತು. ಆಲಮ್ ಒಳ್ಳೆ ಆ್ಯಂಟಿಬಾಡಿ ಕೊಡಿಸತ್ತೆ, ಆದ್ರೆ ಟಿಎಚ್2 ಕಡೆಗೆ, ಅಂದ್ರೆ ಆ್ಯಂಟಿಬಾಡಿಗೆ ನೆರವಾಗೋ ಟಿ ಸೆಲ್‌ಗಳ ಕಡೆಗೆ, ವಾಲ್ಸತ್ತೆ. ಅದರ ಜೊತೆ ಸಿಪಿಜಿ ಅನ್ನೋ ಚಿಕ್ಕ ಡಿಎನ್‌ಎ ತುಂಡು ಸೇರಿಸಿದ್ರೆ ಅದು ಟಿಎಲ್‌ಆರ್9 ಅನ್ನೋ ರಿಸೆಪ್ಟರನ್ನ ತಟ್ಟಿ ಟಿಎಚ್1 ಕಡೆ, ಅಂದ್ರೆ ಇಂಟರ್‌ಫೆರಾನ್ ಗಾಮಾ ಬಿಡೋ ಟಿ ಸೆಲ್‌ಗಳ ಕಡೆ, ತಿರುಗಿಸತ್ತೆ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕ ಹೆಪ್ಲಿಸಾವ್-ಬಿ ಲಸಿಕೆಯಲ್ಲಿ ಇರೋದು ಸಿಪಿಜಿನೇ, ನಮ್ಮ ಕೋವಿಡ್ ಲಸಿಕೆ ಕಾರ್ಬೆವ್ಯಾಕ್ಸ್‌ನಲ್ಲಿ ಆಲಮ್ ಮತ್ತು ಸಿಪಿಜಿ ಎರಡೂ ಇವೆ. ನಮ್ಮ ಪ್ರಶ್ನೆ ಇಷ್ಟೇ: ಬಾಲ್ಬ್-ಸಿ ಅನ್ನೋ ಲ್ಯಾಬ್ ತಳಿಯ ಇಲಿಗೆ ಬರೀ ಆಲಮ್ ಜೊತೆ ಕೊಟ್ಟಾಗ ಮತ್ತು ಆಲಮ್ ಪ್ಲಸ್ ಸಿಪಿಜಿ ಜೊತೆ ಕೊಟ್ಟಾಗ ಇಮ್ಯೂನ್ ಜೀನ್‌ಗಳು ಹೇಗೆ ಬೇರೆ ಬೇರೆ ಆಗ್ತವೆ?

ಇಲಿ ಮುಟ್ಟೋಕೆ ಮುಂಚೆ ಕಾಗದದ ಕೆಲಸ ಇದೆ. ಇಲಿಯಂಥ ಚಿಕ್ಕ ಪ್ರಾಣಿಗೆ ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿ, ಅಂದ್ರೆ ಐಎಇಸಿ, ಫಾರ್ಮ್ ಬಿ ನೋಡಿ ಒಪ್ಪಿಗೆ ಕೊಡ್ಬೇಕು. ಮೇಲಿನ ಕೇಂದ್ರ ಕಮಿಟಿಗೆ ಮುಂಚೆ ಸಿಪಿಸಿಎಸ್‌ಇಎ ಅಂತಿದ್ರು, ಈಗ ಸಿಸಿಎಸ್‌ಇಎ ಅಂತಾರೆ, ಅದರ ಹಿಂದಿರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 1998ರ ನಿಯಮಗಳು. ಇದನ್ನ ಬರೀ ಫಾರ್ಮಾಲಿಟಿ ಅಂತ ನೋಡ್ಬೇಡಿ. ಆ ಫಾರ್ಮ್‌ನಲ್ಲಿ ಗುಂಪಿಗೆ ಎಷ್ಟು ಇಲಿ, ಯಾಕೆ ಅಷ್ಟೇ, ಯಾವ ಗಂಟೆಗೆ ಸ್ಯಾಂಪಲ್ ಅಂತ ಬರೀಬೇಕಾಗತ್ತೆ, ಸರಿಯಾಗಿ ಕೂತು ಬರೆದ್ರೆ ನಿಮ್ಮ ಪ್ರಯೋಗದ ಅರ್ಧ ಪ್ಲಾನ್ ಅಲ್ಲೇ ತಯಾರಾಗತ್ತೆ. ಇಲಿ ಸಂಖ್ಯೆ ಸುಮ್ನೆ 6 ಅಂತ ಹಾಕೋದಲ್ಲ, ಹಿಂದಿನ ಡೇಟಾ ಅಥವಾ ಚಿಕ್ಕ ಪೈಲಟ್‌ನಿಂದ ಇಲಿಯಿಂದ ಇಲಿಗೆ ಎಷ್ಟು ವ್ಯತ್ಯಾಸ ಇದೆ ಅಂತ ತಗೊಂಡು ಪವರ್ ಕ್ಯಾಲ್ಕುಲೇಶನ್, ಅಂದ್ರೆ ನಿಜವಾದ ವ್ಯತ್ಯಾಸ ಕಾಣೋಕೆ ಎಷ್ಟು ಇಲಿ ಬೇಕು ಅನ್ನೋ ಲೆಕ್ಕ, ಮಾಡಿ. ತುಂಬಾ ಕಮ್ಮಿ ಇಲಿ ತಗೊಂಡ್ರೆ ಉತ್ತರ ಸಿಗಲ್ಲ, ಅಷ್ಟೂ ಜೀವ ದಂಡ. ಇದು ನನಗೆ ನಿಜವಾಗ್ಲೂ ನೋವಾಗೋ ವಿಷಯ.

ಗುಂಪುಗಳು ಹೀಗಿರ್ಲಿ: ಬರೀ ಪಿಬಿಎಸ್ ಉಪ್ಪುನೀರು, ಆ್ಯಂಟಿಜನ್ ಇಲ್ಲದ ಆಲಮ್ ಪ್ಲಸ್ ಸಿಪಿಜಿ, ಆ್ಯಂಟಿಜನ್ ಪ್ಲಸ್ ಆಲಮ್, ಆಮೇಲೆ ಮೂರೂ ಸೇರಿದ್ದು. ಎರಡನೇ ಗುಂಪನ್ನ ದುಡ್ಡು ಉಳಿಸೋಕೆ ಬಿಡೋರು ಜಾಸ್ತಿ, ಆದ್ರೆ ಅದಿಲ್ಲದೆ ಮೊದಲ ದಿನ ಏರಿದ ಜೀನ್ ಆ್ಯಂಟಿಜನ್‌ನಿಂದ ಏರಿದ್ದಾ ಸಿಪಿಜಿಯಿಂದ ಏರಿದ್ದಾ ಅಂತ ಹೇಳೋಕಾಗಲ್ಲ. ಇಲಿಗಳು ಒಂದೇ ಕಡೆಯಿಂದ ಬಂದಿರ್ಬೇಕು, ಒಂದೇ ಲಿಂಗ, 6ರಿಂದ 8 ವಾರದವು, ಬಂದ ಮೇಲೆ ಒಂದು ವಾರ ಹೊಂದ್ಕೊಳ್ಳೋಕೆ ಬಿಡಿ. ಒಂದು ಪಂಜರ ಪೂರ್ತಿ ಒಂದೇ ಗುಂಪು ಅಂತ ಮಾಡಿದ್ರೆ ಪಂಜರದ ವ್ಯತ್ಯಾಸವೂ ಲಸಿಕೆಯ ವ್ಯತ್ಯಾಸವೂ ಕಲೆತು ಹೋಗತ್ತೆ, ಹಾಗಾಗಿ ಸಾಧ್ಯ ಇದ್ರೆ ಪ್ರತಿ ಪಂಜರದಲ್ಲೂ ಎಲ್ಲ ಗುಂಪಿನವೂ ಇರೋ ಹಾಗೆ ಚೀಟಿ ಎತ್ತಿ ಹಂಚಿ.

ಡೋಸ್ ವಿಷಯ ಬೇಗ ಮುಗಿಸ್ತೀನಿ. ಇಲಿಗೆ 1ರಿಂದ 2 ಮೈಕ್ರೋಗ್ರಾಂ ಆ್ಯಂಟಿಜನ್, ಸಿಪಿಜಿ ಹಾಕೋದಾದ್ರೆ 10 ಮೈಕ್ರೋಗ್ರಾಂ ಅಂತ ಶುರು ಮಾಡ್ಬಹುದು. ಇಲಿಗೆ ಹೊಂದೋ ಸಿಪಿಜಿಯ ಸೀಕ್ವೆನ್ಸ್ ಬೇರೆ, ಮನುಷ್ಯರದ್ದು ಬೇರೆ, 1826 ಅನ್ನೋ ಸಿಪಿಜಿ ಇಲಿಗೆ ಚೆನ್ನಾಗಿ ಕೆಲಸ ಮಾಡತ್ತೆ. ಹಿಂಗಾಲಿನ ಸ್ನಾಯುವಿಗೆ ಕೊಡೋದಾದ್ರೆ ಒಂದು ಜಾಗಕ್ಕೆ 50 ಮೈಕ್ರೋಲೀಟರ್ ದಾಟ್ಬೇಡಿ. ಬೂಸ್ಟರ್ 3 ಅಥವಾ 4 ವಾರಕ್ಕೆ. ಇನ್ನೊಂದು ಮಾತು, ಲ್ಯಾಬಿನಲ್ಲೇ ಬ್ಯಾಕ್ಟೀರಿಯಾದಲ್ಲಿ ತಯಾರು ಮಾಡಿದ ಪ್ರೋಟೀನ್ ಬಳಸೋದಾದ್ರೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್) ಪರೀಕ್ಷೆ ಮಾಡದೇ ಇಲಿಗೆ ಕೊಡಲೇಬೇಡಿ, ಎಲ್‌ಪಿಎಸ್ ಸ್ವಲ್ಪ ಉಳಿದ್ರೂ ಐಎಲ್-6, ಟಿಎನ್‌ಎಫ್ ಅನ್ನೋ ಉರಿಯೂತದ ಜೀನ್ ಎಲ್ಲ ಮೇಲಕ್ಕೆ ಹಾರತ್ತೆ, ನೀವು ಲಸಿಕೆ ಅದ್ಭುತವಾಗಿ ಕೆಲಸ ಮಾಡ್ತಿದೆ ಅಂತ ಖುಷಿ ಪಡ್ತೀರ.

ಈಗ ಮುಖ್ಯವಾದದ್ದು, ಗಂಟೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯೋ ಸದ್ದು ಕೇಳ್ಬೇಕು ಅಂದ್ರೆ ಆ ಹೊತ್ತಿಗೆ ಅಡುಗೆಮನೆಯಲ್ಲೇ ಇರ್ಬೇಕು, ಊಟಕ್ಕೆ ಎಲೆ ಹಾಕಿದ ಮೇಲೆ ಬಂದ್ರೆ ಘಮ ಮಾತ್ರ ಇರತ್ತೆ, ಸದ್ದು ಇರಲ್ಲ. ಸೈಟೋಕೈನ್ (ಇಮ್ಯೂನ್ ಸೆಲ್‌ಗಳ ಸಂಕೇತ ಪ್ರೋಟೀನ್) ಜೀನ್‌ಗಳ ಎಂಆರ್‌ಎನ್‌ಎ, ಅಂದ್ರೆ ಪ್ರೋಟೀನ್ ಮಾಡೋಕೆ ಜೀನ್‌ನಿಂದ ಬರೋ ನಕಲು, ನಾವು ಅಳೆಯೋದೂ ಅದನ್ನೇ, ಅದು ಕೂಡ ಹಾಗೇ, ಅದರ ತುದಿಯಲ್ಲಿ ಎ ಮತ್ತು ಯು ಅಕ್ಷರ ತುಂಬಿರೋ ಭಾಗ ಇರತ್ತೆ, ಆ ಗುರುತು ನೋಡಿ ಜೀವಕೋಶ ಅದನ್ನ ಬೇಗ ಬೇಗ ಒಡೆದು ಹಾಕತ್ತೆ. ಯಾಕಂದ್ರೆ ಉರಿಯೂತ ಒಂದೇ ಸಮ ಉರೀತಾ ಇದ್ರೆ ದೇಹಕ್ಕೇ ಅಪಾಯ. ಹಾಗಾಗಿ ಪ್ರೋಟೀನ್ ಇನ್ನೂ ಓಡಾಡ್ತಿದ್ರೂ ಎಂಆರ್‌ಎನ್‌ಎ ಅಷ್ಟರಲ್ಲಿ ಮಾಯ ಆಗಿರ್ಬಹುದು.

ಲಸಿಕೆ ಕೊಟ್ಟ ಮೇಲೆ ಮೂರು ಬೇರೆ ಬೇರೆ ಕಿಟಕಿಗಳು ತೆರೀತವೆ ಅಂದ್ಕೊಳ್ಳಿ. ಮೊದಲನೇದು 4ರಿಂದ 24 ಗಂಟೆ, ಇದು ಜನ್ಮಜಾತ ಇಮ್ಯೂನಿಟಿಯ ಕಿಟಕಿ, ಇಲ್ಲಿ ನೋಡೋ ಜೀನ್‌ಗಳು ಸಿಎಕ್ಸ್‌ಸಿಎಲ್10, ಐಎಲ್-6, ಐಎಲ್-1 ಬೀಟಾ, ಐಎಫ್‌ಐಟಿ1, ಐಎಸ್‌ಜಿ15. ಇವನ್ನ ಸ್ಪ್ಲೀನ್‌ನಲ್ಲಿ ಹುಡುಕಿದ್ರೆ ಸಿಗೋದು ಕಷ್ಟ, ಲಸಿಕೆ ಕೊಟ್ಟ ಸ್ನಾಯುವಿನಲ್ಲಿ ಮತ್ತು ಅದೇ ಬದಿಯ ಲಿಂಫ್ ನೋಡ್‌ನಲ್ಲಿ (ಇಮ್ಯೂನ್ ಸೆಲ್‌ಗಳು ಸೇರೋ ಗಂಟು) ಹುಡುಕ್ಬೇಕು. ಹಿಂಗಾಲಿಗೆ ಕೊಟ್ಟಿದ್ರೆ ಪಾಪ್ಲಿಟಿಯಲ್, ಇಂಗ್ವೈನಲ್, ಇಲಿಯಾಕ್ ನೋಡ್‌ಗಳು. ನಿಮ್ಮ ಕೈಯಲ್ಲಿ ಕೊಟ್ಟಿದ್ದು ಯಾವ ನೋಡ್‌ಗೆ ಹರಿದು ಹೋಗತ್ತೆ ಅಂತ ಅನುಮಾನ ಇದ್ರೆ, ಕಮಿಟಿಯ ಒಪ್ಪಿಗೆ ತಗೊಂಡು ಒಂದು ಇಲಿಗೆ ಇವಾನ್ಸ್ ಬ್ಲೂ ಬಣ್ಣ ಅದೇ ಜಾಗಕ್ಕೆ ಕೊಟ್ಟು ನೋಡಿ, ಯಾವ ನೋಡ್ ನೀಲಿ ಆಗತ್ತೋ ಅದೇ ನಿಮ್ಮದು. ಎರಡನೇ ಕಿಟಕಿ 7ರಿಂದ 14 ದಿನ, ಅದೇ ನೋಡ್‌ನಲ್ಲಿ ಜರ್ಮಿನಲ್ ಸೆಂಟರ್ (ಆ್ಯಂಟಿಬಾಡಿ ಮಾಡೋ ಬಿ ಸೆಲ್‌ಗಳು ಪಳಗೋ ಜಾಗ) ಕಟ್ಟೋ ಹೊತ್ತು, ಬಿಸಿಎಲ್6, ಐಎಲ್-21, ಆ್ಯಂಟಿಬಾಡಿ ಬದಲಾಯಿಸೋ ಎಐಸಿಡಿಎ ನೋಡ್ಬಹುದು. ಮೂರನೇದು ನೆನಪಿನ ಕಿಟಕಿ, ಬೂಸ್ಟರ್ ಆಗಿ ಒಂದೆರಡು ವಾರದ ಮೇಲೆ, ಸ್ಪ್ಲೀನ್‌ನಲ್ಲಿ, ಆದ್ರೆ ನೇರವಾಗಿ ಅಲ್ಲ.

ಯಾಕೆ ನೇರವಾಗಿ ಅಲ್ಲ? ಇಲಿಯ ಒಂದು ಸ್ಪ್ಲೀನ್‌ನಲ್ಲಿ ಹತ್ತು ಕೋಟಿ ಹತ್ತಿರ ಜೀವಕೋಶ ಇರತ್ತೆ, ಅದರಲ್ಲಿ ಹೆಪಟೈಟಿಸ್ ಬಿ ಪ್ರೋಟೀನನ್ನ ಗುರುತು ಹಿಡಿಯೋ ಟಿ ಸೆಲ್‌ಗಳು ಬೆರಳೆಣಿಕೆಯಷ್ಟು ಪಾಲು, ಅವೂ ಆ ಹೊತ್ತಿಗೆ ಸುಮ್ನೆ ಕೂತಿರ್ತವೆ. ಶುರುವಿನಲ್ಲಿ ಹೇಳಿದ ಡಿಸರ್ಟೇಶನ್ ಪ್ರಯೋಗದಲ್ಲಿ ಆಗಿರೋದೇ ಇದು, ಅವರು ಸ್ಪ್ಲೀನ್ ತೆಗೆದು ನೇರ ಆರ್‌ಎನ್‌ಎ ಮಾಡಿಬಿಟ್ಟಿದ್ರು. ಸ್ಪ್ಲೀನ್ ಜರಡಿಯಲ್ಲಿ ಉಜ್ಜಿ, ಕೆಂಪು ರಕ್ತಕಣ ಒಡೆದು, ತೊಳೆದು, ಕಲ್ಚರ್ ಪ್ಲೇಟಿನ ಒಂದು ಬಾವಿಗೆ (ವೆಲ್) 20ರಿಂದ 50 ಲಕ್ಷ ಸೆಲ್ ಹಾಕಿ, ಮತ್ತೆ ಆ್ಯಂಟಿಜನ್ ತೋರಿಸ್ಬೇಕು. ಪ್ರತಿ ಇಲಿಯ ಸೆಲ್‌ಗಳಿಗೂ ಕನಿಷ್ಠ ಮೂರು ಬಾವಿ ಬೇಕೇ ಬೇಕು: ಬರೀ ಮೀಡಿಯಂ, ಆ್ಯಂಟಿಜನ್, ಮತ್ತೆ ಯಾವ ಟಿ ಸೆಲ್ಲನ್ನಾದ್ರೂ ಕೆಣಕೋ ಪಿಎಂಎ-ಅಯಾನೊಮೈಸಿನ್ ಅಥವಾ ಕಾನ್-ಎ. ಮೂರನೇದರಲ್ಲೂ ಇಂಟರ್‌ಫೆರಾನ್ ಗಾಮಾ ಬರದಿದ್ರೆ ಸೆಲ್‌ಗಳೇ ಸತ್ತಿವೆ ಅಂತ ಅರ್ಥ, ಮುಂದೆ ಹೋಗೋದು ಬೇಡ. ಬಾಲ್ಬ್-ಸಿ ಇಲಿಯಲ್ಲಿ ಈ ಪ್ರೋಟೀನಿನ 28ರಿಂದ 39ನೇ ಅಮೈನೋ ಆಮ್ಲದವರೆಗಿನ ಚಿಕ್ಕ ಪೆಪ್ಟೈಡನ್ನ ಸಿಡಿ8 ಟಿ ಸೆಲ್‌ಗಳು ಚೆನ್ನಾಗಿ ಗುರುತು ಹಿಡೀತವೆ, ಅದನ್ನ ಕೊಟ್ರೆ 4ರಿಂದ 6 ಗಂಟೆ ಸಾಕು. ಇಡೀ ಪ್ರೋಟೀನ್ ಕೊಟ್ರೆ ಅದನ್ನ ನುಂಗಿ, ತುಂಡು ಮಾಡಿ, ತೋರಿಸೋಕೆ ಸೆಲ್‌ಗೆ ಟೈಮ್ ಬೇಕು, ಅದಕ್ಕೆ 18ರಿಂದ 24 ಗಂಟೆ ಇಡಿ. ಯಾವುದಕ್ಕೂ ಒಂದು ಇಲಿಯ ಸೆಲ್‌ನಲ್ಲಿ 4, 8, 12, 24 ಗಂಟೆ ಅಂತ ಒಂದು ಪೈಲಟ್ ಮಾಡ್ಕೊಂಡ್ಬಿಡಿ.

ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೀನಿ. ಕೆಣಕೋಕೆ ಅಂತ ಲಸಿಕೆ ವಯಲ್‌ನಿಂದಲೇ ಸ್ವಲ್ಪ ಹಾಕಿದ್ದೆ, ಸೆಲ್‌ಗಳೆಲ್ಲ ರಾತ್ರಿ ಬೆಳಗಾಗೋದ್ರೊಳಗೆ ಹೋಗಿದ್ವು. ಕೆಲವು ವಯಲ್‌ಗಳಲ್ಲಿ ಥಯೋಮರ್ಸಾಲ್ ಅನ್ನೋ ಪ್ರಿಸರ್ವೇಟಿವ್ ಇರತ್ತೆ, ಅದು ಕಲ್ಚರ್‌ನಲ್ಲಿರೋ ಸೆಲ್‌ಗೆ ವಿಷ, ಆಲಮ್ ಕೂಡ ಒಳ್ಳೇದಲ್ಲ. ಕೆಣಕೋಕೆ ಯಾವಾಗ್ಲೂ ಆಲಮ್ ಇಲ್ಲದ, ಪ್ರಿಸರ್ವೇಟಿವ್ ಇಲ್ಲದ ಶುದ್ಧ ಪ್ರೋಟೀನನ್ನೇ ಬಳಸಿ.

ಸ್ಯಾಂಪಲ್ ತೆಗೆಯೋ ದಿನ ಗಡಿಬಿಡಿ ಬೇಡ, ಆದ್ರೆ ನಿಧಾನವೂ ಬೇಡ. ಇಲಿ ಹೆದರಿದ್ರೆ ಕಾರ್ಟಿಕೋಸ್ಟೆರಾನ್ ಅನ್ನೋ ಒತ್ತಡದ ಹಾರ್ಮೋನ್ ಏರತ್ತೆ, ಅದು ಸೈಟೋಕೈನ್ ಜೀನ್‌ಗಳನ್ನ ಅದುಮತ್ತೆ, ಆದ್ರಿಂದ ಪಂಜರ ಹಿಂದಿನ ದಿನವೇ ರೂಮಿಗೆ ತಂದಿಡಿ, ಒಂದು ಇಲಿಯ ಮುಂದೆ ಇನ್ನೊಂದನ್ನ ಕೊಲ್ಲೋದು ಬೇಡ, ಕಮಿಟಿ ಒಪ್ಪಿದ ವಿಧಾನ ಬಿಟ್ಟು ಬೇರೆ ಬೇಡ. ಎಲ್ಲ ಪಿಬಿಎಸ್ ಇಲಿಗಳನ್ನ ಬೆಳಿಗ್ಗೆ ಮುಗಿಸಿ ಎಲ್ಲ ಲಸಿಕೆ ಇಲಿಗಳನ್ನ ಮಧ್ಯಾಹ್ನ ಮಾಡಿದ್ರೆ, ನೀವು ಅಳೀತಿರೋದು ಲಸಿಕೆಯೋ ಹೊತ್ತೋ ಗೊತ್ತಾಗಲ್ಲ, ಇಮ್ಯೂನ್ ಜೀನ್‌ಗಳಿಗೂ ಹಗಲು ರಾತ್ರಿಯ ಲಯ ಇದೆ. ಒಂದಾದ ಮೇಲೊಂದು ಗುಂಪಿನಿಂದ ಒಂದೊಂದು ಅಂತ ಕಲೆಸಿ ತಗೊಳ್ಳಿ. ಲಸಿಕೆಯನ್ನೂ ಅದೇ ಕ್ರಮದಲ್ಲಿ ಅದೇ ಅಂತರದಲ್ಲಿ ಕೊಟ್ಟಿದ್ರೆ ಪ್ರತಿ ಇಲಿಗೂ 6 ಗಂಟೆ ಅಂದ್ರೆ ನಿಜವಾಗ್ಲೂ 6 ಗಂಟೆ ಆಗತ್ತೆ.

ಅಂಗ ಹೊರಗೆ ಬಂದ ಕ್ಷಣದಿಂದ ಆರ್‌ಎನ್‌ಎ ಒಡೆಯೋಕೆ ಶುರು. ನೇರವಾಗಿ ಟ್ರೈಜಾಲ್‌ಗೆ (ಆರ್‌ಎನ್‌ಎ ತೆಗೆಯೋ ದ್ರಾವಣ) ಹಾಕಿ ಅರೆಯಿರಿ, ಇಲ್ಲ ಲಿಕ್ವಿಡ್ ನೈಟ್ರೋಜನ್‌ಗೆ ಹಾಕಿ, ಅದೂ ಇಲ್ಲದಿದ್ರೆ ಆರ್‌ಎನ್‌ಎ ಕೆಡದ ಹಾಗೆ ಇಡೋ ದ್ರವ, ಆರ್‌ಎನ್‌ಎ-ಲೇಟರ್. ಆರ್‌ಎನ್‌ಎ-ಲೇಟರ್ ಬಳಸೋರು ಒಂದು ತಪ್ಪು ಮಾಡ್ತಾರೆ, ಇಡೀ ಸ್ಪ್ಲೀನನ್ನ ಹಾಗೇ ಮುಳುಗಿಸ್ತಾರೆ, ದ್ರವ ಒಳಗಿನವರೆಗೆ ಇಳಿಯಲ್ಲ, ಮಧ್ಯದ ಭಾಗ ಕೆಡತ್ತೆ. ಅರ್ಧ ಸೆಂಟಿಮೀಟರ್‌ಗಿಂತ ತೆಳ್ಳಗೆ ಕತ್ತರಿಸಿ, ರಾತ್ರಿ ಪೂರ್ತಿ 4 ಡಿಗ್ರಿಯಲ್ಲಿ ನೆನೆಸಿ, ಆಮೇಲೆ ಮೈನಸ್ 80ಕ್ಕೆ ಹಾಕಿ. ರಕ್ತದಲ್ಲೂ ಅಳೀಬೇಕು ಅಂತಿದ್ರೆ ಹೆಪಾರಿನ್ ಟ್ಯೂಬ್ ಬೇಡ, ಹೆಪಾರಿನ್ ಪಿಸಿಆರನ್ನೇ ನಿಲ್ಲಿಸತ್ತೆ, ಇಡಿಟಿಎ ಇರ್ಲಿ.

ಆರ್‌ಎನ್‌ಎ ತೆಗೆಯೋ ಟ್ರೈಜಾಲ್ ಪದ್ಧತಿಯ ಮೂಲ 1987ರದ್ದು, ಇವತ್ತಿಗೂ ಗಟ್ಟಿ. 50ರಿಂದ 100 ಮಿಲಿಗ್ರಾಂ ಅಂಗಕ್ಕೆ 1 ಎಂಎಲ್ ಟ್ರೈಜಾಲ್, ಅರೆದ ಮೇಲೆ 0.2 ಎಂಎಲ್ ಕ್ಲೋರೋಫಾರ್ಮ್, ಜೋರಾಗಿ ಕುಲುಕಿ, 4 ಡಿಗ್ರಿಯಲ್ಲಿ 12,000 ಜಿಗೆ 15 ನಿಮಿಷ ತಿರುಗಿಸಿ. ಮೇಲಿನ ನೀರಿನ ಪದರ ಮಾತ್ರ ತಗೊಳ್ಳಿ, ಮಧ್ಯದ ಬಿಳಿ ಪದರದ ಹತ್ತಿರ ಹೋಗ್ಲೇಬೇಡಿ, ಸ್ವಲ್ಪ ಬಿಟ್ಟು ಬಂದ್ರೂ ಪರವಾಗಿಲ್ಲ, ಅಲ್ಲಿ ಆಸೆ ಪಟ್ಟೋರೇ ಡಿಎನ್‌ಎ ಎಳ್ಕೊಂಡು ಬರೋದು. ಅದಕ್ಕೆ ಅರ್ಧ ಎಂಎಲ್ ಐಸೋಪ್ರೊಪನಾಲ್, 10 ನಿಮಿಷ ಬಿಟ್ಟು ತಿರುಗಿಸಿ, ತಳದಲ್ಲಿ ಕೂತದ್ದನ್ನ 75 ಪರ್ಸೆಂಟ್ ಎಥನಾಲ್‌ನಲ್ಲಿ ತೊಳೆದು, ಸ್ವಲ್ಪ ಆರಿಸಿ, ನ್ಯೂಕ್ಲಿಯೇಸ್ ಇಲ್ಲದ ನೀರಲ್ಲಿ ಕರಗಿಸಿ. ತೀರಾ ಒಣಗಿಸಿದ್ರೆ ಕರಗೋದೇ ಇಲ್ಲ. ಇಲಿಯ ಲಿಂಫ್ ನೋಡ್ ಕೆಲವೇ ಮಿಲಿಗ್ರಾಂ, ಅದರ ಪೆಲೆಟ್ ಕಣ್ಣಿಗೇ ಕಾಣಲ್ಲ, ಗ್ಲೈಕೋಜನ್ ಸೇರಿಸಿ ಅಥವಾ ಕಾಲಮ್ ಕಿಟ್ ಬಳಸಿ. ಸ್ಪ್ಲೀನ್‌ನಲ್ಲಿ ಇದಕ್ಕೆ ಉಲ್ಟಾ ತೊಂದರೆ, ಸೆಲ್ ತುಂಬಾ, ಡಿಎನ್‌ಎ ತುಂಬಾ, ಜಾಸ್ತಿ ಹಾಕಿದ್ರೆ ಕಾಲಮ್ ಕಟ್ಕೊಂಡು ಹೋಗತ್ತೆ, ಹಾಗಾಗಿ ಚಿಕ್ಕ ತುಂಡು ಸಾಕು. ಎಲ್ಲದಕ್ಕೂ ಡಿಎನ್‌ಎ ಒಡೆಯೋ ಡಿಎನ್‌ಏಸ್ ಟ್ರೀಟ್‌ಮೆಂಟ್ ಕಡ್ಡಾಯ. ಟ್ರೈಜಾಲ್‌ನಲ್ಲಿ ಫೀನಾಲ್ ಇದೆ, ಚರ್ಮ ಸುಡತ್ತೆ, ಫ್ಯೂಮ್ ಹುಡ್ ಒಳಗೇ ಮಾಡಿ, ಅದರ ತ್ಯಾಜ್ಯಕ್ಕೆ ಅಪ್ಪಿತಪ್ಪಿ ಬ್ಲೀಚ್ ಸುರೀಬೇಡಿ, ಗ್ವಾನಿಡೀನ್ ಜೊತೆ ಸೇರಿ ವಿಷದ ಗಾಳಿ ಬರತ್ತೆ.

ಬೆಳಕು ಹೀರೋದನ್ನ ಅಳೆಯೋ ನ್ಯಾನೋಡ್ರಾಪ್‌ನಲ್ಲಿ 260/280 ಅನುಪಾತ ಸುಮಾರು 2 ಬರ್ಬೇಕು, 260/230 ಕೂಡ 2ರ ಮೇಲಿದ್ರೆ ಚೆನ್ನ. ಎರಡನೇದು 1ಕ್ಕಿಂತ ಕೆಳಗೆ ಬಂದ್ರೆ ಗ್ವಾನಿಡೀನ್ ಉಳಿದಿದೆ, ಇನ್ನೊಂದು ಸಲ ಎಥನಾಲ್‌ನಲ್ಲಿ ತೊಳೀರಿ. ಆದ್ರೆ ಈ ಅನುಪಾತಗಳು ಶುದ್ಧತೆ ಹೇಳ್ತವೆ, ಆರ್‌ಎನ್‌ಎ ಇಡಿಯಾಗಿದೆಯಾ ತುಂಡಾಗಿದೆಯಾ ಅಂತ ಹೇಳಲ್ಲ. ಅದಕ್ಕೆ ಬಯೋಅನಲೈಸರ್‌ನ ರಿನ್ ನಂಬರ್ ನೋಡಿ, ಅದಿಲ್ಲದ ಲ್ಯಾಬಲ್ಲಿ ಅಗರೋಸ್ ಜೆಲ್‌ನಲ್ಲಿ 28ಎಸ್, 18ಎಸ್ ಅನ್ನೋ ರೈಬೋಸೋಮಲ್ ಆರ್‌ಎನ್‌ಎಯ ಎರಡು ಪಟ್ಟಿ ಚೂಪಾಗಿ ಕಾಣ್ತಿದ್ರೆ, ಮೇಲಿನದು ಕೆಳಗಿನದಕ್ಕಿಂತ ದಪ್ಪ ಇದ್ರೆ ಕೆಲಸ ನಡೆಯತ್ತೆ.

ಪಿಸಿಆರ್‌ಗೆ ಅಂತ ಆರ್‌ಎನ್‌ಎಯಿಂದ ಸಿಡಿಎನ್‌ಎ (ಡಿಎನ್‌ಎ ನಕಲು) ಮಾಡುವಾಗ ಒಂದೇ ನಿಯಮ, ಎಲ್ಲ ಸ್ಯಾಂಪಲ್‌ಗೂ ಒಂದೇ ತೂಕದ ಆರ್‌ಎನ್‌ಎ, 500 ನ್ಯಾನೋಗ್ರಾಂ ಅಂದ್ರೆ ಎಲ್ಲಕ್ಕೂ 500, ಒಂದೇ ಮಾಸ್ಟರ್ ಮಿಕ್ಸ್, ಸಾಧ್ಯ ಆದ್ರೆ ಒಂದೇ ದಿನ. ಜೊತೆಗೆ ಎನ್‌ಜೈಮ್ ಹಾಕದ ನೋ-ಆರ್‌ಟಿ ಕಂಟ್ರೋಲ್ ಇಡ್ಲೇಬೇಕು, ಡಿಎನ್‌ಎ ಉಳಿದಿದ್ರೆ ಅದರಲ್ಲಿ ಗೊತ್ತಾಗತ್ತೆ.

ಪ್ರೈಮರ್‌ಗೆ ಬರೋಣ. ಗುಣಿಸೋ ತುಂಡು 70ರಿಂದ 150 ಬೇಸ್ ಇರ್ಲಿ, ಎಕ್ಸಾನ್-ಎಕ್ಸಾನ್ ಗಡಿ (ಎಂಆರ್‌ಎನ್‌ಎಯಲ್ಲಿ ಉಳಿಯೋ ಜೀನ್ ತುಂಡುಗಳು ಸೇರೋ ಜಾಗ) ದಾಟೋ ಹಾಗಿರ್ಲಿ. ಟಿಎಚ್1 ಕಡೆಗೆ ಇಂಟರ್‌ಫೆರಾನ್ ಗಾಮಾ ಮತ್ತು ಟಿ-ಬೆಟ್, ಟಿಎಚ್2 ಕಡೆಗೆ ಐಎಲ್-4, ಐಎಲ್-5, ಐಎಲ್-13, ಗಾಟಾ-3. ಐಎಲ್-4 ಕಮ್ಮಿ ಬರೋ ಜೀನ್, ಅದೊಂದನ್ನೇ ನಂಬ್ಕೊಂಡ್ರೆ ಕಷ್ಟ, ಅದಕ್ಕೇ 5 ಮತ್ತು 13 ಜೊತೆಗಿರ್ಲಿ. ಇಂಟರ್‌ಫೆರಾನ್ ಬಂದಿದೆಯಾ ಅಂತ ನೋಡೋಕೆ ಮನುಷ್ಯರ ಅಧ್ಯಯನ ನೋಡಿ ಎಂಎಕ್ಸ್1 ಆರಿಸೋರು ಹುಷಾರು. ಬಾಲ್ಬ್-ಸಿ, ಸಿ57 ಬ್ಲಾಕ್ 6 ಸೇರಿ ಹೆಚ್ಚಿನ ಲ್ಯಾಬ್ ತಳಿಗಳಲ್ಲಿ ಆ ಜೀನೇ ಮುರಿದಿದೆ, ಮಧ್ಯದ ಕೆಲವು ಎಕ್ಸಾನ್‌ಗಳೇ ಇಲ್ಲ. ನಿಮ್ಮ ಪ್ರೈಮರ್ ಆ ಜಾಗದಲ್ಲಿ ಕೂತಿದ್ರೆ ಎಷ್ಟೇ ಇಂಟರ್‌ಫೆರಾನ್ ಸುರಿದ್ರೂ ಏನೂ ಬರಲ್ಲ. ಐಎಫ್‌ಐಟಿ1 ಅಥವಾ ಐಎಸ್‌ಜಿ15 ತಗೊಳ್ಳಿ, ನಿಶ್ಚಿಂತೆ.

ಹೋಲಿಸೋಕೆ ಅಂತ ಇಡೋ, ಏರಿಳಿಯಬಾರದ ರೆಫರೆನ್ಸ್ ಜೀನ್ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡ್ತೀನಿ. ತಕ್ಕಡಿಯಲ್ಲಿ ತೂಕದ ಕಲ್ಲೇ ದಿನಕ್ಕೊಂದು ತೂಕ ಆಗ್ತಿದ್ರೆ ಅಕ್ಕಿ ಎಷ್ಟು ಅಂತ ಹೇಗೆ ಹೇಳ್ತೀರ? ಎಲ್ಲರೂ ಕಣ್ಣು ಮುಚ್ಕೊಂಡು ಗ್ಯಾಪ್‌ಡಿಎಚ್ ಹಾಕ್ತಾರೆ. ಅದು ಸಕ್ಕರೆ ಒಡೆಯೋ ದಾರಿಯ ಎನ್‌ಜೈಮ್, ಟಿ ಸೆಲ್ ಕೆರಳಿದ ಕೂಡ್ಲೇ ಸಕ್ಕರೆ ಬಳಕೆ ಜಾಸ್ತಿ ಮಾಡತ್ತೆ, ಗ್ಯಾಪ್‌ಡಿಎಚ್ ತಾನೇ ಏರತ್ತೆ, ನಿಮ್ಮ ನಿಜವಾದ ಏರಿಕೆ ಅದರಲ್ಲಿ ಮುಚ್ಚಿ ಹೋಗತ್ತೆ. ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಇನ್ನೂ ಕೆಟ್ಟ ಆಯ್ಕೆ, ಅದು ಸೆಲ್ ಮೇಲೆ ಆ್ಯಂಟಿಜನ್ ತೋರಿಸೋ ಎಂಎಚ್‌ಸಿ ಕ್ಲಾಸ್ 1ರ ಜೊತೆಗಾರ, ಇಂಟರ್‌ಫೆರಾನ್ ಬಂದ್ರೆ ಏರೋದೇ ಅದರ ಕೆಲಸ, ಲಸಿಕೆ ಪ್ರಯೋಗದಲ್ಲಿ ಅದನ್ನ ಕಲ್ಲಾಗಿ ಇಡೋದು ಅಂದ್ರೆ ಅಳೀಬೇಕಾದ್ದನ್ನೇ ಅಳತೆಗೋಲು ಮಾಡಿದ ಹಾಗೆ. ಇನ್ನೊಂದು ಗುಟ್ಟು, ಗ್ಯಾಪ್‌ಡಿಎಚ್‌ಗೂ ಬೀಟಾ ಆ್ಯಕ್ಟಿನ್‌ಗೂ ಜೀನೋಮ್‌ನಲ್ಲಿ ಇಂಟ್ರಾನ್ (ಎಕ್ಸಾನ್‌ಗಳ ನಡುವಿನ ತುಂಡು) ಇಲ್ಲದ ನಕಲಿ ಜೀನ್‌ಗಳು ತುಂಬಾ ಇವೆ, ಎಕ್ಸಾನ್ ಗಡಿ ದಾಟಿಸಿದ ಪ್ರೈಮರ್ ಕೂಡ ಡಿಎನ್‌ಎಯಿಂದ ಗುಣಿಸಿಬಿಡತ್ತೆ. ಎಚ್‌ಪಿಆರ್‌ಟಿ, ಟಿಬಿಪಿ, ಪಿಪಿಐಎ, ಆರ್‌ಪಿಎಲ್‌ಪಿ0 ಅಂತ ನಾಲ್ಕೈದು ತಗೊಂಡು ಎಲ್ಲ ಗುಂಪಿನ ಒಂದೆರಡು ಸ್ಯಾಂಪಲ್ ಮೇಲೆ ಓಡಿಸಿ, ಜಿನಾರ್ಮ್ ಅಥವಾ ನಾರ್ಮ್‌ಫೈಂಡರ್ ಅನ್ನೋ ಸಾಫ್ಟ್‌ವೇರಲ್ಲಿ ಯಾವ ಎರಡು ಅಲ್ಲಾಡದೇ ನಿಂತಿವೆ ನೋಡಿ, ಆ ಎರಡರ ಸರಾಸರಿಗೆ ಹೋಲಿಸಿ. ಒಂದು ಅಂಗದಲ್ಲಿ ನಿಂತಿದ್ದು ಇನ್ನೊಂದರಲ್ಲಿ ನಿಲ್ಲತ್ತೆ ಅಂತಿಲ್ಲ, ಸ್ನಾಯುವಿಗೆ ಬೇರೆ, ನೋಡ್‌ಗೆ ಬೇರೆ, ಕೆಣಕಿದ ಸ್ಪ್ಲೀನ್ ಸೆಲ್‌ಗೆ ಬೇರೆ ಪರೀಕ್ಷೆ ಮಾಡಿ.

ಪ್ರತಿ ಪ್ರೈಮರ್ ಜೋಡಿಗೂ ಹತ್ತು ಪಟ್ಟು ತೆಳುವಾಗ್ತಾ ಹೋಗೋ ಐದು ಹಂತದ ಕರ್ವ್ ಮಾಡಿ. ಇಳಿಜಾರು ಮೈನಸ್ 3.32 ಬಂದ್ರೆ ದಕ್ಷತೆ ನೂರಕ್ಕೆ ನೂರು, ಮೈನಸ್ 3.1ರಿಂದ ಮೈನಸ್ 3.58ರೊಳಗೆ ಬಂದ್ರೆ 90ರಿಂದ 110 ಪರ್ಸೆಂಟ್, ಒಪ್ಕೋಬಹುದು. ಸೈಬರ್ ಗ್ರೀನ್ ಬಣ್ಣ ಬಳಸಿದ್ರೆ ಮೆಲ್ಟ್ ಕರ್ವ್‌ನಲ್ಲಿ ಒಂದೇ ಶಿಖರ ಇರ್ಬೇಕು. ಪ್ಲೇಟ್ ಜೋಡಿಸುವಾಗ ಒಂದು ಜೀನ್‌ಗೆ ಎಲ್ಲ ಇಲಿಗಳೂ ಒಂದೇ ಪ್ಲೇಟಲ್ಲಿ ಬರ್ಲಿ, ಬರೀ ನೀರು ಹಾಕಿದ ಬಾವಿ ಇರ್ಲಿ, ಪ್ರತಿ ಸ್ಯಾಂಪಲ್‌ಗೆ ಮೂರು ಬಾವಿ. ಮೂರರ ನಡುವೆ ವ್ಯತ್ಯಾಸ 0.5 ಸಿಟಿ (ಸಿಗ್ನಲ್ ಕಾಣಿಸ್ಕೊಳ್ಳೋ ಸೈಕಲ್ ಸಂಖ್ಯೆ, ಅದು ಕಮ್ಮಿ ಇದ್ದಷ್ಟೂ ಜೀನ್ ಜಾಸ್ತಿ) ದಾಟಿದ್ರೆ ಪಿಪೆಟ್ ಹಿಡಿಯೋ ಕೈ ನೋಡ್ಕೊಳ್ಳಿ. ಸಿಟಿ 35 ದಾಟಿದ ಮೇಲೆ ಬರೋದನ್ನ ಅಳತೆ ಅಂತ ಕರೀಬೇಡಿ. ನೋ-ಆರ್‌ಟಿ ಬಾವಿ ಅಸಲಿಗಿಂತ ಕನಿಷ್ಠ 7 ಸೈಕಲ್ ಹಿಂದೆ ಇರ್ಲಿ. ಇಂಥ ಪಿಸಿಆರ್ ವರದಿ ಮಾಡೋಕೆ ಬಂದ 2009ರ ಎಂಐಕ್ಯೂಇ (MIQE) ಮಾರ್ಗಸೂಚಿ ಕೇಳೋದೂ ಹೆಚ್ಚುಕಮ್ಮಿ ಇಂಥವನ್ನೇ, ಪೇಪರ್ ಬರೆಯುವಾಗ ದಕ್ಷತೆ, ಪ್ರೈಮರ್ ಸೀಕ್ವೆನ್ಸ್, ಆರ್‌ಎನ್‌ಎ ಗುಣಮಟ್ಟ ಎಲ್ಲ ಕೇಳ್ತಾರೆ, ಈಗ್ಲೇ ನೋಟ್‌ಬುಕ್‌ಗೆ ಬರೆದಿಟ್ಕೊಳ್ಳಿ.

ಲೆಕ್ಕ 2001ರಲ್ಲಿ ಬಂದ ಲಿವಾಕ್ ಮೆಥಡ್, ಡೆಲ್ಟಾ ಡೆಲ್ಟಾ ಸಿಟಿ. ಒಂದು ಉದಾಹರಣೆ ಇಟ್ಕೊಳ್ಳಿ: ಲಸಿಕೆ ಇಲಿಯಲ್ಲಿ ಇಂಟರ್‌ಫೆರಾನ್ ಗಾಮಾ ಸಿಟಿ 26, ರೆಫರೆನ್ಸ್ 22, ವ್ಯತ್ಯಾಸ 4. ಪಿಬಿಎಸ್ ಗುಂಪಿನ ಸರಾಸರಿಯಲ್ಲಿ 30 ಮತ್ತು 22, ವ್ಯತ್ಯಾಸ 8. 4ರಿಂದ 8 ಕಳೆದ್ರೆ ಮೈನಸ್ 4, ಅಂದ್ರೆ 2ರ ಘಾತ 4, 16 ಪಟ್ಟು. ಪ್ರತಿ ಸೈಕಲ್‌ಗೂ ಎರಡು ಪಟ್ಟು ಆಗತ್ತೆ ಅನ್ನೋ ನಂಬಿಕೆ ಮೇಲೆ ಇದು ನಿಂತಿರೋದು, ಪ್ರೈಮರ್ ದಕ್ಷತೆ ಬೇರೆ ಬೇರೆ ಇದ್ರೆ ಅದನ್ನ ಲೆಕ್ಕಕ್ಕೆ ತಗೊಳ್ಳೋ ಫಾಫ್ಲ್ ಸೂತ್ರ ಬಳಸಿ. ಕೆಣಕಿದ ಸೆಲ್‌ಗಳಲ್ಲಿ ಮೊದಲು ಅದೇ ಇಲಿಯ ಮೀಡಿಯಂ ಬಾವಿಗೆ ಹೋಲಿಸಿ, ಆಮೇಲೆ ಗುಂಪಿಂದ ಗುಂಪಿಗೆ.

ಸ್ಟಾಟಿಸ್ಟಿಕ್ಸ್‌ನಲ್ಲಿ ಎರಡೇ ಎರಡು ಮಾತು, ಆದ್ರೆ ಎರಡೂ ಗಟ್ಟಿಯಾಗಿ. ಪರೀಕ್ಷೆಯನ್ನ ಡೆಲ್ಟಾ ಸಿಟಿ ಮೇಲೆ ಮಾಡಿ, ಎಷ್ಟು ಪಟ್ಟು ಅನ್ನೋ ಸಂಖ್ಯೆ ಮೇಲಲ್ಲ, ಪಟ್ಟು ಒಂದೇ ಕಡೆಗೆ ಬಾಲ ಎಳ್ಕೊಂಡಿರತ್ತೆ, ಒಂದು ಇಲಿ 60 ಪಟ್ಟು ಕೊಟ್ರೆ ಇಡೀ ಸರಾಸರಿ ಅದರ ಹಿಂದೆ ಓಡತ್ತೆ. ಇನ್ನೊಂದು, ಎನ್ ಅಂದ್ರೆ ಇಲಿ, ಬಾವಿ ಅಲ್ಲ. 5 ಇಲಿಯ ಮೂರು ಮೂರು ಬಾವಿ ಸೇರಿಸಿ ಎನ್ 15 ಅಂತ ಬರೆದಿರೋ ಥೀಸಿಸ್ ನೋಡಿದೀನಿ, ಅದು ತಪ್ಪು, ಮೂರು ಬಾವಿಯ ಸರಾಸರಿ ತಗೊಂಡು 5 ಅಂತಲೇ ಬರೀಬೇಕು. ಹತ್ತು ಜೀನ್ ನೋಡಿದ್ರೆ ಹತ್ತು ಸಲ ಅದೃಷ್ಟ ಪರೀಕ್ಷೆ ಮಾಡಿದ ಹಾಗೆ, ಮಲ್ಟಿಪಲ್ ಟೆಸ್ಟಿಂಗ್ ಕರೆಕ್ಷನ್ ಕೂಡ ಹಾಕಿ.

ನಂಬರ್ ಬಂತು, ಅದರ ಅರ್ಥ ಏನು ಅನ್ನೋದು ಬೇರೆ ಪ್ರಶ್ನೆ. ಜಾತ್ರೆಯಲ್ಲಿ ಗದ್ದಲ ಜಾಸ್ತಿ ಆಯ್ತು ಅಂದ್ರೆ ಇದ್ದ ಜನವೇ ಜೋರಾಗಿ ಕೂಗಿದ್ರಾ, ಇಲ್ಲಾ ಇನ್ನಷ್ಟು ಜನ ಬಂದು ಸೇರಿದ್ರಾ? 24 ಗಂಟೆಯ ಸ್ನಾಯುವಿನಲ್ಲಿ ಐಎಲ್-1 ಬೀಟಾ 40 ಪಟ್ಟು ಅಂತ ಬಂದ್ರೆ ಅಲ್ಲಿನ ಸೆಲ್‌ಗಳು ಅಷ್ಟು ಬರೆದಿವೆ ಅಂತ ಅಲ್ಲ, ನ್ಯೂಟ್ರೋಫಿಲ್, ಮೊನೊಸೈಟ್‌ಗಳು ಗುಂಪಾಗಿ ಬಂದು ಕೂತಿರ್ಬಹುದು. ಇದನ್ನ ಬಿಡಿಸೋಕೆ ಸೆಲ್ ಗುರುತಿನ ಜೀನ್‌ಗಳನ್ನೂ ಒಟ್ಟಿಗೆ ಅಳೀರಿ, ಟಿ ಸೆಲ್‌ಗೆ ಸಿಡಿ3ಇ, ನ್ಯೂಟ್ರೋಫಿಲ್‌ಗೆ ಎಲ್‌ವೈ6ಜಿ ಥರದವು, ಅನುಕೂಲ ಇದ್ರೆ ಸೆಲ್‌ಗಳನ್ನ ಬಗೆ ಹಿಡಿದು ಎಣಿಸೋ ಫ್ಲೋ ಸೈಟೋಮೆಟ್ರಿ ಮಾಡಿ. ಎಂಆರ್‌ಎನ್‌ಎ ಅಂದ್ರೆ ಪ್ರೋಟೀನ್ ಅಲ್ಲ ಅನ್ನೋದೂ ನೆನಪಿರ್ಲಿ. ಕೆಣಕಿದ ಬಾವಿಯ ಮೇಲಿನ ದ್ರವವನ್ನ ಎಸೀದೆ ಇಟ್ಕೊಂಡು ಪ್ರೋಟೀನ್ ಅಳೆಯೋ ಎಲೈಸಾ ಮಾಡಿ, ಎಂಆರ್‌ಎನ್‌ಎಗೆ 6 ಗಂಟೆ ಆದ್ರೆ ಪ್ರೋಟೀನ್‌ಗೆ ಎರಡು ಮೂರು ದಿನದ ಬಾವಿ ಬೇರೆ ಇಡ್ಬೇಕು. ರಕ್ತದಲ್ಲಿ ಐಜಿಜಿ1 ಮತ್ತು ಐಜಿಜಿ2ಎ ಅನ್ನೋ ಎರಡು ಬಗೆ ಆ್ಯಂಟಿಬಾಡಿಗಳ ಅನುಪಾತ ನೋಡಿ, ಬರೀ ಆಲಮ್‌ನಲ್ಲಿ ಐಜಿಜಿ1 ಮೇಲುಗೈ, ಸಿಪಿಜಿ ಸೇರಿದ್ರೆ ಐಜಿಜಿ2ಎ ಏರ್ಬೇಕು, ಅದು ನಿಮ್ಮ ಇಂಟರ್‌ಫೆರಾನ್ ಗಾಮಾ ಜೊತೆ ಒಂದೇ ದಿಕ್ಕಲ್ಲಿ ಹೋಗ್ತಿದ್ರೆ ಧೈರ್ಯವಾಗಿ ಹೇಳ್ಬಹುದು. ಅಂದಹಾಗೆ ಬ್ಲಾಕ್ 6 ಇಲಿಗೆ ಬದಲಾಯಿಸಿದ್ರೆ ಅದರಲ್ಲಿ ಐಜಿಜಿ2ಎ ಇಲ್ಲ, ಐಜಿಜಿ2ಸಿ ಇರೋದು, ಆ್ಯಂಟಿಬಾಡಿ ತರಿಸುವಾಗ ನೋಡ್ಕೊಳ್ಳಿ.

ಉಳಿದ ಆರ್‌ಎನ್‌ಎಯನ್ನ ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80ಕ್ಕೆ ಹಾಕಿ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದ್ರೆ ಕೆಡತ್ತೆ. ಆರು ತಿಂಗಳಾದ ಮೇಲೆ ಗೈಡ್ ಆಗ್ಲಿ ರಿವ್ಯೂವರ್ ಆಗ್ಲಿ ಇನ್ನೊಂದು ಜೀನ್ ನೋಡಿ ಅಂತ ಖಂಡಿತಾ ಕೇಳ್ತಾರೆ, ಆ ಟ್ಯೂಬ್ ಇದ್ರೆ ಹೊಸ ಇಲಿ ಬೇಕಾಗಲ್ಲ. ಮಾಮೂಲಿ ಮಾರ್ಕರ್‌ನಲ್ಲಿ ಬರೀಬೇಡಿ, ಎಥನಾಲ್ ತಾಗಿದ್ರೆ ಅಳಿಸಿ ಹೋಗತ್ತೆ, ಕ್ರಯೋ ಲೇಬಲ್ ಅಂಟಿಸಿ ಅದರ ಮೇಲೆ ಇಲಿ ನಂಬರ್, ಅಂಗ, ಲಸಿಕೆ ಕೊಟ್ಟು ಎಷ್ಟನೇ ಗಂಟೆ, ತಾರೀಖು ಇಷ್ಟೂ ಬರೀರಿ, ಗುಂಪಿನ ಹೆಸರು ಮಾತ್ರ ಬೇಡ, ಅದು ಬೀಗ ಹಾಕಿದ ಬೇರೆ ಶೀಟಲ್ಲಿ ಇರ್ಲಿ, ಲೆಕ್ಕ ಪೂರ್ತಿ ಮುಗಿಯೋವರೆಗೂ ಪಿಪೆಟ್ ಹಿಡಿಯೋರಿಗೆ ಯಾವ ಟ್ಯೂಬ್ ಯಾವ ಗುಂಪಿನದ್ದು ಅಂತ ಗೊತ್ತಾಗ್ಬಾರದು.